ನಮ್ಮ ಕಣ್ಣಿಗೆ ಕಾಣದ ಬಣ್ಣವನ್ನು ಅಳೆಯುವುದು: ಹಕ್ಕಿಗರಿ, ನೇರಳಾತೀತ ಬೆಳಕು ಮತ್ತು ಸಂಗಾತಿಯ ಆಯ್ಕೆ

ಯೂರೋಪಿನ ಪುಟ್ಟ ಹಾಡುಹಕ್ಕಿಯಾದ ಬ್ಲೂ ಟಿಟ್ ಹಕ್ಕಿಯ ಗಂಡನ್ನೂ ಹೆಣ್ಣನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಅವುಗಳ ನೆತ್ತಿಯ ನೀಲಿ ಗರಿಗಳ ಮೇಲೆ, ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿನ ತುದಿ ಇಟ್ಟರೆ ಪರದೆಯ ಮೇಲಿನ ಗೆರೆ ಬೇರೆಯದನ್ನೇ ಹೇಳುತ್ತದೆ. 700 ನ್ಯಾನೊಮೀಟರಿನ ಕಡೆಯಿಂದ ಎಡಕ್ಕೆ ಬರುತ್ತ ಗೆರೆ ಮೊದಲು ತಳದಲ್ಲೇ ತೆವಳುತ್ತದೆ. 500ರ ಹೊತ್ತಿಗೆ ಏರತೊಡಗುತ್ತದೆ. ನಮ್ಮ ದೃಷ್ಟಿ ಮುಗಿಯುವ 400ನ್ನು ದಾಟಿದ ಮೇಲೂ ಏರುತ್ತಲೇ ಹೋಗಿ 350–370ರ ಆಸುಪಾಸಿನಲ್ಲಿ ಶಿಖರ ಮುಟ್ಟುತ್ತದೆ. ಗಂಡಿನಲ್ಲಿ ಈ ನೇರಳಾತೀತ ಪಾಲು ಹೆಣ್ಣಿಗಿಂತ ಹೆಚ್ಚು. 1998ರಲ್ಲಿ ಎರಡು ಸಂಶೋಧಕ ತಂಡಗಳು ಬೇರೆ ಬೇರೆಯಾಗಿ ಇದನ್ನು ಪ್ರಕಟಿಸಿದವು. 2005ರಲ್ಲಿ ಮುಯಿರ್ ಈಟನ್, ಗಂಡು ಹೆಣ್ಣು ಒಂದೇ ಬಣ್ಣ ಎಂದು ಪುಸ್ತಕಗಳು ಹೇಳುವ 139 ಜಾತಿಯ ಹಾಡುಹಕ್ಕಿಗಳನ್ನು ಹೀಗೆಯೇ ಅಳೆದಾಗ, ಹಕ್ಕಿಯ ಕಣ್ಣಿನ ಲೆಕ್ಕದಲ್ಲಿ ಶೇಕಡ 90ಕ್ಕೂ ಹೆಚ್ಚು ಜಾತಿಗಳಲ್ಲಿ ಗಂಡಿಗೂ ಹೆಣ್ಣಿಗೂ ವ್ಯತ್ಯಾಸ ಸಿಕ್ಕಿತು.

ಗರಿಯ ಬಣ್ಣ ಅಳೆಯುವುದು ಹೇಗೆ, ಅದರಿಂದ ಹೆಣ್ಣಿನ ಆಯ್ಕೆಯ ಬಗ್ಗೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದನ್ನು ನಾನು ಕೆಲಸ ಮಾಡುವ ಕ್ರಮದಲ್ಲೇ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೇರಳಾತೀತ ಎಂಬುದು ಹಕ್ಕಿಗಳ ನಡುವಿನ ಗುಟ್ಟಿನ ಭಾಷೆಯಲ್ಲ. ಅವುಗಳ ನಾಲ್ಕು ಬಣ್ಣದ ವಾಹಿನಿಗಳಲ್ಲಿ ಅದು ಒಂದು, ಅಷ್ಟೇ. ನಮಗೆ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ತಲೆಯ ಮೇಲೆ ಕೂರಿಸಿಕೊಂಡರೆ ಪ್ರಯೋಗ ದಾರಿ ತಪ್ಪುತ್ತದೆ.

ಮೊದಲು ಕಣ್ಣು, ಆಮೇಲೆ ಗರಿ

ಹಗಲು ಹಕ್ಕಿಯ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ನಾಲ್ಕು ಬಗೆಯ ಒಂಟಿ ಶಂಕುಕೋಶಗಳಿವೆ. ಜೊತೆಗೆ ಬೆಳಕಿನ ಹೆಚ್ಚುಕಡಿಮೆಯನ್ನು ಗ್ರಹಿಸುತ್ತವೆ ಎಂದು ತಿಳಿಯಲಾಗಿರುವ ಜೋಡಿ ಶಂಕುಗಳು, ಮಬ್ಬು ಬೆಳಕಿಗೆ ದಂಡಕೋಶಗಳು. ಬಹುತೇಕ ಶಂಕುಗಳ ಬಾಯಲ್ಲಿ ಬಣ್ಣದ ಎಣ್ಣೆಹನಿ ಇರುತ್ತದೆ. ಅದು ಸೋಸುಗನ್ನಡಿಯಂತೆ ಕೆಲಸ ಮಾಡಿ ಆ ಶಂಕು ಗ್ರಹಿಸುವ ಪಟ್ಟಿಯನ್ನು ಇನ್ನಷ್ಟು ಕಿರಿದಾಗಿಸುತ್ತದೆ. ಅತಿ ಚಿಕ್ಕ ತರಂಗಾಂತರದ ಶಂಕುವಿನ ಹನಿ ಮಾತ್ರ ಪೂರ್ತಿ ಪಾರದರ್ಶಕ.

ಈ ಚಿಕ್ಕ ತರಂಗದ ಶಂಕು ಎಲ್ಲ ಹಕ್ಕಿಗಳಲ್ಲೂ ಒಂದೇ ಅಲ್ಲ. ಹೊಸಬರು ಎಡವುವ ಮೊದಲ ಜಾಗ ಇದು. ಬಹುಪಾಲು ಹಾಡುಹಕ್ಕಿಗಳು, ಗಿಳಿಗಳು ಮತ್ತು ಹಲವು ಗಲ್ ಹಕ್ಕಿಗಳಲ್ಲಿ ಅದರ ಗ್ರಹಣಶಿಖರ 355ರಿಂದ 380ರೊಳಗೆ ಇರುತ್ತದೆ. ಇವು ನೇರಳಾತೀತ ಬಗೆಯವು. ಕಾಗೆ, ಹದ್ದು, ಕೋಳಿ, ನವಿಲು, ಬಾತುಗಳಲ್ಲಿ ಅದು 400ರಿಂದ 426ರ ಸುತ್ತ ಇರುವ ನೇರಳೆ ಬಗೆ. ಬ್ಲೂ ಟಿಟ್‌ನ ನಾಲ್ಕು ಶಿಖರಗಳು ಸುಮಾರು 372, 449, 502 ಮತ್ತು 563. ನವಿಲಿನವು ಸುಮಾರು 424, 458, 505 ಮತ್ತು 567. ನವಿಲಿನ ಕಣ್ಣಿಗೂ ನೇರಳಾತೀತದ ಅಂಚು ಅಷ್ಟಿಷ್ಟು ತಾಗುತ್ತದೆ, ಆದರೆ ಬ್ಲೂ ಟಿಟ್‌ನ ಲೆಕ್ಕಾಚಾರವನ್ನು ನವಿಲಿನ ಗರಿಗೆ ಹಾಕಿದರೆ ಉತ್ತರ ಪೂರ್ತಿ ಸುಳ್ಳಾಗುತ್ತದೆ.

ನಿಮ್ಮ ಜಾತಿ ಯಾವ ಬಗೆಯದು ಎಂದು ಗೊತ್ತಿಲ್ಲದಿದ್ದರೆ ಊಹಿಸಬೇಡಿ. ಆ ಶಂಕುವಿನಲ್ಲಿ ಬೆಳಕು ಹಿಡಿಯುವ ಆಪ್ಸಿನ್ ಪ್ರೋಟೀನಿನ 90ನೆಯ ಸ್ಥಾನದಲ್ಲಿ ಸಿಸ್ಟೀನ್ ಇದ್ದರೆ ನೇರಳಾತೀತ ಬಗೆ, ಸೀರೀನ್ ಇದ್ದರೆ ನೇರಳೆ ಬಗೆ. ಒಂದೇ ಅಮೈನೋ ಆಮ್ಲದ ಬದಲಾವಣೆ ಶಿಖರವನ್ನು ಹತ್ತಾರು ನ್ಯಾನೊಮೀಟರ್ ಸರಿಸುತ್ತದೆ. ಒಂದು ತೊಟ್ಟು ರಕ್ತದಿಂದಲೋ ಕಿತ್ತ ಗರಿಯ ಬುಡದಿಂದಲೋ ಡಿಎನ್‌ಎ ತೆಗೆದು ಆ ಜೀನಿನ ಚಿಕ್ಕ ತುಂಡನ್ನು ಓದಿಸಿದರೆ ಸಾಕು, ಹಕ್ಕಿಯ ಕಣ್ಣು ಕೀಳುವ ಅಗತ್ಯವಿಲ್ಲ.

ಗರಿಯ ಕಡೆಗೆ ಬಂದರೆ, ಅಳೆಯುವ ಮುನ್ನ ಬಣ್ಣ ಎಲ್ಲಿಂದ ಬಂದಿದೆ ಎಂದು ನೋಡಿಕೊಳ್ಳಬೇಕು. ನೀಲಿ ಮತ್ತು ನೇರಳಾತೀತ ಬಣ್ಣಗಳು ವರ್ಣದ್ರವ್ಯದಿಂದ ಬಂದವಲ್ಲ. ಗರಿಯ ಎಳೆಯೊಳಗೆ ಕೆರಟಿನ್ ಮತ್ತು ಗಾಳಿ ಸೇರಿದ ಸ್ಪಂಜಿನಂಥ ಪದರವಿದೆ. ಅದರ ರಂಧ್ರಗಳ ನಡುವಿನ ಅಂತರ ಹೆಚ್ಚುಕಡಿಮೆ ಸಮನಾಗಿರುವುದರಿಂದ ಕೆಲವೇ ತರಂಗಾಂತರಗಳು ಒಂದಕ್ಕೊಂದು ಕೂಡಿ ಬಲಗೊಂಡು ಹೊರಗೆ ಬರುತ್ತವೆ. ಇದು ಆಕಾಶ ನೀಲಿಯಾಗಿ ಕಾಣುವ ಬಗೆಯ ಚದುರುವಿಕೆ ಎಂದು ಬಹುಕಾಲ ನಂಬಲಾಗಿತ್ತು. ರಿಚರ್ಡ್ ಪ್ರಮ್ ಮತ್ತು ಸಂಗಡಿಗರು 1998ರಲ್ಲಿ ಆ ನಂಬಿಕೆಯನ್ನು ತಿದ್ದಿದರು. ಸ್ಪಂಜಿನ ಕೆಳಗೆ ಮೆಲನಿನ್ನಿನ ಕಪ್ಪು ಹಾಸು ಇದ್ದು, ಉಳಿದ ಬೆಳಕನ್ನು ನುಂಗುತ್ತದೆ. ನೀಲಿ ಗರಿಯನ್ನು ಬೆಳಕಿಗೆ ಅಡ್ಡ ಹಿಡಿದು ಹಿಂದಿನಿಂದ ನೋಡಿ: ನೀಲಿ ಮಾಯವಾಗಿ ಮಂಕು ಕಂದು ಉಳಿಯುತ್ತದೆ. ಆ ಕಂದು ಮೆಲನಿನ್ನಿನದು. ಕ್ಯಾರೋಟಿನಾಯ್ಡ್ ಎಂಬ ವರ್ಣದ್ರವ್ಯದ ಹಳದಿ ಗರಿಯ ಗೆರೆಗೆ ಎರಡು ಗುಡ್ಡ: ಒಂದು 500ರಿಂದ ಮೇಲೆ, ಇನ್ನೊಂದು ನೇರಳಾತೀತದಲ್ಲಿ, ನಡುವೆ 450ರ ಹತ್ತಿರ ಕಣಿವೆ. ನಾವು ಬರಿಯ ಹಳದಿ ಎಂದು ಕಾಣುವುದು ಹಕ್ಕಿಗೆ ಹಳದಿ ಮತ್ತು ನೇರಳಾತೀತ ಬೆರೆತ, ನಮ್ಮಲ್ಲಿ ಹೆಸರೇ ಇಲ್ಲದ ಬಣ್ಣ.

ಸ್ಪೆಕ್ಟ್ರೋಮೀಟರಿನ ಅಳತೆ

ನಾನು ಬಳಸುವ ಸಾಮಗ್ರಿ ಇಷ್ಟು: 200ರಿಂದ 850 ನ್ಯಾನೊಮೀಟರ್ ಓದುವ ಚಿಕ್ಕ ಸ್ಪೆಕ್ಟ್ರೋಮೀಟರ್, ಮಿಡಿಯುವ ಝೆನಾನ್ ದೀಪ ಅಥವಾ ಡ್ಯೂಟೀರಿಯಂ-ಹ್ಯಾಲೋಜನ್ ದೀಪ, ಆರು ಎಳೆಗಳು ಬೆಳಕು ಚೆಲ್ಲಿ ನಡುವಿನ ಒಂದು ಎಳೆ ಓದುವ, 400 ಮೈಕ್ರಾನ್ ಎಳೆಗಳ ಫೈಬರ್ ಪ್ರೋಬ್, ಪ್ರೋಬನ್ನು ಒಂದೇ ದೂರ ಮತ್ತು ಕೋನದಲ್ಲಿ ಹಿಡಿಯುವ, ಕಪ್ಪು ಬಣ್ಣದ, ಹೊರಬೆಳಕು ನುಸುಳದ ಹಿಡಿಕೆ, ಗರಿಯ ಓದನ್ನು ಹೋಲಿಸಲು ಬಿಳಿ ಮಾನಕ, ಕಪ್ಪು ವೆಲ್ವೆಟ್. ಫೈಬರ್ ಕೊಳ್ಳುವಾಗ ನೇರಳಾತೀತ ಸಹಿಸುವ ಬಗೆಯದನ್ನೇ ಕೇಳಿ ತೆಗೆದುಕೊಳ್ಳಬೇಕು. ಡ್ಯೂಟೀರಿಯಂ ದೀಪದ ಗಿಡ್ಡ ತರಂಗಗಳು ಸಾಮಾನ್ಯ ಫೈಬರನ್ನು ಕೆಲವೇ ತಿಂಗಳಲ್ಲಿ ಒಳಗಿನಿಂದ ಮಂಕಾಗಿಸುತ್ತವೆ, ಅದೂ ನಮಗೆ ಬೇಕಾದ ತುದಿಯಲ್ಲೇ.

ಜೀವಂತ ಹಕ್ಕಿಗೆ ಝೆನಾನ್ ದೀಪವೇ ಸರಿ. ಮಿಣುಕಿ ನಿಲ್ಲುವುದರಿಂದ ಬಿಸಿಯಾಗುವುದಿಲ್ಲ, ಬ್ಯಾಟರಿಯಲ್ಲಿ ನಡೆಯುತ್ತದೆ. ಕಿತ್ತ ಗರಿಗಳಿಗೆ ಡ್ಯೂಟೀರಿಯಂ-ಹ್ಯಾಲೋಜನ್ ಹೆಚ್ಚು ಸ್ಥಿರ. ಆದರೆ ಹೊತ್ತಿಸಿ ಅರ್ಧ ಗಂಟೆ ಬಿಡಬೇಕು. ಅಷ್ಟು ತಾಳ್ಮೆ ಇಲ್ಲದೆ ಶುರು ಮಾಡಿದರೆ ಮೊದಲ ಹತ್ತು ಹಕ್ಕಿಗಳಿಗೂ ಕೊನೆಯ ಹತ್ತಕ್ಕೂ ಇರುವ ವ್ಯತ್ಯಾಸ ದೀಪದ್ದೋ ಹಕ್ಕಿಯದೋ ತಿಳಿಯದು. ಈ ದೀಪದಲ್ಲಿ 656 ನ್ಯಾನೊಮೀಟರಿನಲ್ಲಿ ಒಂದು ಚೂಪು ಗೆರೆ ಇರುತ್ತದೆ, 486ರಲ್ಲಿ ಇನ್ನೊಂದು ಚಿಕ್ಕದು. ಗರಿಯ ರೋಹಿತದಲ್ಲಿ ಈ ಜಾಗಗಳಲ್ಲಿ ಮುಳ್ಳು ಎದ್ದರೆ ಅದು ಗರಿಯ ಗುಣವಲ್ಲ. ಡಿಟೆಕ್ಟರು ಅಲ್ಲಿ ತುಂಬಿ ಚೆಲ್ಲುತ್ತಿದೆ, ಬೆಳಕು ಕೂಡಿಸುವ ಅವಧಿಯನ್ನು ಕಡಿಮೆ ಮಾಡಿ ಎಂದು ಅರ್ಥ. ಬಿಳಿ ಮಾನಕದ ಮೇಲೆ ಡಿಟೆಕ್ಟರು ಗರಿಷ್ಠದ ಶೇಕಡ 80–85ರಷ್ಟು ತುಂಬುವಂತೆ ನಾನು ಅವಧಿ ಹೊಂದಿಸುತ್ತೇನೆ. ಒಂದು ಓದಿಗೆ 20 ಸ್ಕ್ಯಾನ್‌ಗಳ ಸರಾಸರಿ.

ಬಿಳಿ ಮಾನಕದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಾನು ನೋಡಿದ ಕೆಟ್ಟ ದತ್ತಾಂಶಗಳಲ್ಲಿ ಹೆಚ್ಚಿನವು ಇಲ್ಲೇ ಕೆಟ್ಟಿದ್ದವು. ಸ್ಪೆಕ್ಟ್ರಲಾನ್‌ನಂಥ ಮಾನಕ ಹೊಸದಿದ್ದಾಗ ನೇರಳಾತೀತವನ್ನೂ ಶೇಕಡ 95ಕ್ಕಿಂತ ಮೇಲೆ ಹಿಂತಿರುಗಿಸುತ್ತದೆ. ಅದರ ಮೇಲೆ ಒಮ್ಮೆ ಬೆರಳು ತಾಗಿದರೆ ಸಾಕು. ಚರ್ಮದ ಜಿಡ್ಡು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ, ಮಾನಕ ಮೊದಲಿನಷ್ಟೇ ಬೆಳ್ಳಗಿರುತ್ತದೆ. ಆದರೆ ಆ ಜಿಡ್ಡು ನೇರಳಾತೀತವನ್ನು ಹೀರುತ್ತದೆ. ಗರಿಯ ಓದನ್ನು ಮಾನಕದ ಓದಿನಿಂದ ಭಾಗಿಸುವುದರಿಂದ, ಮಾನಕ ಕಪ್ಪಾದಷ್ಟೂ ಗರಿ ಹೊಳೆಯುತ್ತದೆ. ಹೀಗೆ ತಿಂಗಳು ಕಳೆದಂತೆ ಹಕ್ಕಿಗಳೆಲ್ಲ ಹೆಚ್ಚು ಹೆಚ್ಚು ನೇರಳಾತೀತ ಆಗುತ್ತಿರುವಂತೆ ಕಾಣುತ್ತದೆ. ಹಾಗಾಗಿ ಎರಡು ಮಾನಕ ಇಟ್ಟುಕೊಳ್ಳುತ್ತೇನೆ. ಒಂದು ದಿನಬಳಕೆಗೆ, ಇನ್ನೊಂದು ಡಬ್ಬಿಯಲ್ಲಿ ಭದ್ರವಾಗಿ. ವಾರಕ್ಕೊಮ್ಮೆ ಮೊದಲನೆಯದನ್ನು ಎರಡನೆಯದರ ಎದುರು ಅಳೆಯುತ್ತೇನೆ. 320–400ರ ನಡುವೆ ಗೆರೆ ಶೇಕಡ 2ಕ್ಕಿಂತ ಹೆಚ್ಚು ಇಳಿದಿದ್ದರೆ, ಹರಿಯುವ ನೀರಿನ ಕೆಳಗೆ 220–240 ನಂಬರಿನ ವಾಟರ್‌ಪ್ರೂಫ್ ಉಜ್ಜುಕಾಗದದಿಂದ ಮೇಲ್ಮೈಯನ್ನು ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿ, ನೀರು ಗುಂಡಗೆ ಹನಿಗಟ್ಟಿ ಜಾರುವವರೆಗೆ ತೊಳೆದು, ಗಾಳಿಗೆ ಒಣಗಿಸುತ್ತೇನೆ. ಬಟ್ಟೆಯಿಂದ ಒರೆಸಬಾರದು. ಮಾನಕ ಕೊಳ್ಳಲಾಗದಿದ್ದರೆ ನಲ್ಲಿ ಕೆಲಸಕ್ಕೆ ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಹತ್ತಾರು ಪದರ ದಪ್ಪವಾಗಿ ಸುತ್ತಿದರೂ ಕೆಲಸ ನಡೆಯುತ್ತದೆ. ಪದರ ತೆಳುವಾದರೆ ಮಾತ್ರ ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ. ಬಿಳಿ ಕಾಗದ ಯಾವತ್ತೂ ಬೇಡ. ಅದಕ್ಕೆ ಹಾಕಿರುವ ಹೊಳಪುಕಾರಕ ನೇರಳಾತೀತವನ್ನು ನುಂಗಿ ನೀಲಿಯಾಗಿ ಹೊರಬಿಡುತ್ತದೆ.

ಕೋನ ಮತ್ತು ದೂರ. ಪ್ರೋಬಿನ ತುದಿ ಗರಿಯಿಂದ 5 ಮಿಲಿಮೀಟರ್ ದೂರವಿದ್ದರೆ ಅದು ಓದುವ ಚುಕ್ಕೆ ಎರಡೂವರೆ ಮಿಲಿಮೀಟರಿನಷ್ಟು ಅಗಲ. ಸ್ಪಂಜು ಪದರದ ನೀಲಿಗೂ ವರ್ಣದ್ರವ್ಯಗಳಿಗೂ 90 ಡಿಗ್ರಿ ಅಥವಾ 45 ಡಿಗ್ರಿ, ಯಾವುದಾದರೂ ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಹಿಡಿಯಬೇಕು. 90ರಲ್ಲಿ ಗರಿಯ ಮೇಲ್ಮೈಯ ಬರಿ ಹೊಳಪೂ ಓದಿಗೆ ಸೇರುತ್ತದೆ, 45ರಲ್ಲಿ ಅದು ತಪ್ಪುತ್ತದೆ. ಗದ್ದೆಯಂಚಿನಲ್ಲೋ ಕಾಡಿನಲ್ಲೋ ಹಕ್ಕಿ ಕೈಯಲ್ಲಿ ಮಿಸುಕುವಾಗ 90 ಡಿಗ್ರಿಯ ಹಿಡಿಕೆಯೇ ಸ್ಥಿರವಾಗಿ ಕೂರುತ್ತದೆ, ಹಾಗಾಗಿ ಹೊರಗೆ ನಾನು ಅದನ್ನೇ ಬಳಸುತ್ತೇನೆ.

ಮಿರುಗುವ ಗರಿಗಳ ಮಾತು ಬೇರೆ. ನವಿಲುಗರಿಯ ಕಣ್ಣಿನ ಕಿರು ಎಳೆಗಳಲ್ಲಿ ಮೆಲನಿನ್ ಕಡ್ಡಿಗಳು ಜಾಲರಿಯಂತೆ ಜೋಡಣೆಯಾಗಿವೆ. ಜಾಲರಿಯ ಅಂತರ ನೀಲಿ ಭಾಗದಲ್ಲಿ ಸುಮಾರು 140 ನ್ಯಾನೊಮೀಟರ್, ಹಸಿರಿನಲ್ಲಿ 150, ಹಳದಿಯಲ್ಲಿ 165. ಇಷ್ಟು ಚಿಕ್ಕ ವ್ಯತ್ಯಾಸವೇ ಬಣ್ಣ ಬದಲಿಸುವಾಗ, ಪ್ರೋಬು ಹತ್ತು ಡಿಗ್ರಿ ವಾಲಿದರೆ ಓದು ಬೇರೆಯೇ ಆಗುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಬೆಳಕು ಕೊಡುವ ಫೈಬರು ಒಂದು, ಓದುವ ಫೈಬರು ಇನ್ನೊಂದು, ಎರಡನ್ನೂ ಕೋನಮಾಪಕದ ಮೇಲೆ ಕೂರಿಸಿ 5 ಡಿಗ್ರಿ ಅಂತರದಲ್ಲಿ ಅಳೆಯಬೇಕು. ಯಾವ ಕೋನ ಮುಖ್ಯ ಎಂಬುದನ್ನು ಹಕ್ಕಿಯ ವರ್ತನೆಯೇ ಹೇಳಿಕೊಡುತ್ತದೆ. ಹೆಣ್ಣಿಗೆ ಗರಿ ಬಿಚ್ಚಿ ತೋರಿಸುವಾಗ ಗಂಡು ನವಿಲು ಸೂರ್ಯನ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲುವುದನ್ನು ರೋಸ್ಲಿನ್ ಡೇಕಿನ್ ಮತ್ತು ರಾಬರ್ಟ್ ಮಾಂಟ್ಗೊಮರಿ 2009ರಲ್ಲಿ ದಾಖಲಿಸಿದರು. ಹಕ್ಕಿ ತೋರಿಸುವ ಕೋನವನ್ನು ಬಿಟ್ಟು ಪ್ರಯೋಗಶಾಲೆಗೆ ಅನುಕೂಲವಾದ ಕೋನದಲ್ಲಿ ಅಳೆದರೆ ಆ ಅಂಕಿಗೆ ಬೆಲೆಯಿಲ್ಲ.

ಕಿತ್ತ ಗರಿಗಳನ್ನು ಅಳೆಯುವುದಾದರೆ ಒಂದೇ ಗರಿಯಿಂದ ಆಗುವುದಿಲ್ಲ. ಒಂದು ನೆತ್ತಿಯ ಗರಿಯಲ್ಲಿ ಬಣ್ಣ ಇರುವುದು ತುದಿಯ ಎರಡು ಮಿಲಿಮೀಟರ್ ಮಾತ್ರ, ಉಳಿದದ್ದು ಬೂದು ತುಪ್ಪುಳ. ಮೈಮೇಲೆ ಅವು ಹೆಂಚಿನಂತೆ ಒಂದರ ಮೇಲೊಂದು ಹೊದ್ದುಕೊಂಡಿರುವುದರಿಂದಲೇ ಆ ಗಾಢತೆ. ನಾನು ಕನಿಷ್ಠ 10 ಗರಿಗಳನ್ನು ಚಿಮುಟದಿಂದ ಬುಡದಲ್ಲಿ ಹಿಡಿದು, ವೆಲ್ವೆಟ್ ಹೊದಿಸಿದ ರಟ್ಟಿನ ಮೇಲೆ ಒಂದರ ತುದಿ ಇನ್ನೊಂದರ ತುದಿಯನ್ನು ಮುಕ್ಕಾಲು ಮುಚ್ಚುವಂತೆ ಜೋಡಿಸಿ, ಬುಡವನ್ನಷ್ಟೇ ಟೇಪಿನಿಂದ ಹಿಡಿಸುತ್ತೇನೆ. ಅಂಟು ಬಣ್ಣದ ಭಾಗಕ್ಕೆ ತಾಗಕೂಡದು. ಎಳೆಗಳು ಬಿಚ್ಚಿಕೊಂಡಿದ್ದರೆ ಬುಡದಿಂದ ತುದಿಗೆ ಮೆತ್ತನೆಯ ಕುಂಚದಿಂದ ಎರಡು ಸಲ ಸವರಿದರೆ ಮತ್ತೆ ಕೊಂಡಿ ಹಾಕಿಕೊಳ್ಳುತ್ತವೆ. ಗರಿಗಳನ್ನು ಕಾಗದದ ಲಕೋಟೆಯಲ್ಲಿ, ಕತ್ತಲಲ್ಲಿ ಇಡಬೇಕು. ಸಂಗ್ರಹಾಲಯದ ಹಳೆಯ ಮಾದರಿಗಳಲ್ಲಿ ಗಿಡ್ಡ ತರಂಗದ ಪ್ರತಿಫಲನ ವರ್ಷ ಕಳೆದಂತೆ ಕುಗ್ಗುವುದುಂಟು, ಕೆಡದಂತೆ ಹಚ್ಚಿದ ರಾಸಾಯನಿಕಗಳೂ ನೇರಳಾತೀತವನ್ನು ಬದಲಿಸುತ್ತವೆ. ಆದ್ದರಿಂದ ಹಳೆಯದನ್ನೂ ಹೊಸದನ್ನೂ ಒಂದೇ ಕಟ್ಟಿನಲ್ಲಿ ಹೋಲಿಸುವುದಿಲ್ಲ.

ಜೀವಂತ ಹಕ್ಕಿಯಾದರೆ ಅನುಮತಿ ಮತ್ತು ತರಬೇತಿ ಇದ್ದವರೇ ಹಿಡಿಯಬೇಕು. ಕತ್ತನ್ನು ತೋರುಬೆರಳು ಮತ್ತು ನಡುಬೆರಳ ನಡುವೆ ಹಗುರವಾಗಿ ಇರಿಸಿ, ಎದೆಗೆ ಒತ್ತಡ ಬೀಳದಂತೆ ಹಿಡಿದು, ದೀಪದ ಬೆಳಕು ಕಣ್ಣಿಗೆ ತಾಗದಂತೆ ಪ್ರೋಬನ್ನು ನೆತ್ತಿಯ ಮೇಲೆ ನೆಟ್ಟಗೆ ಇಡಬೇಕು. ಪ್ರತಿ ಜಾಗದಲ್ಲೂ ಮೂರು ಓದು, ಪ್ರತಿ ಸಲವೂ ಪ್ರೋಬನ್ನು ಪೂರ್ತಿ ಎತ್ತಿ ಮತ್ತೆ ಇಟ್ಟು. ಎತ್ತದೆ ಮೂರು ಸಲ ಒತ್ತಿದರೆ ಮೂರೂ ಒಂದೇ ಬರುತ್ತವೆ, ನಿಮ್ಮ ಕೈಯ ತಪ್ಪು ಎಷ್ಟು ಎಂದು ಎಂದಿಗೂ ತಿಳಿಯುವುದಿಲ್ಲ. ಐದು ನಿಮಿಷದಲ್ಲಿ ಮುಗಿಯದಿದ್ದರೆ ಬಿಟ್ಟುಬಿಡುತ್ತೇನೆ. ಮಳೆಯಲ್ಲಿ ನೆನೆದ ಹಕ್ಕಿಯನ್ನು ಅಳೆಯುವುದೇ ಇಲ್ಲ. ನೀರು ಎಳೆಗಳ ನಡುವೆ ತುಂಬಿದರೆ ಬಣ್ಣ ಗಾಢವಾಗಿ, ಮಂಕಾಗಿ ಹೋಗುತ್ತದೆ. ದಿನಾಂಕ ಬರೆಯುವುದನ್ನು ಮರೆಯಬಾರದು. ಬ್ಲೂ ಟಿಟ್‌ನ ನೆತ್ತಿಯ ನೇರಳಾತೀತ ಗರಿ ಬದಲಿಸಿದ ಹೊಸದರಲ್ಲಿ ಹೆಚ್ಚಿದ್ದು, ಮರಿ ಸಾಕುವ ಹೊತ್ತಿಗೆ ಸವೆತ ಮತ್ತು ಕೊಳೆಯಿಂದ ಗಣನೀಯವಾಗಿ ಇಳಿಯುತ್ತದೆ. ಬೇಗ ಗೂಡು ಕಟ್ಟಿದವನ್ನು ಬೇಗ ಹಿಡಿದು, ತಡವಾದವನ್ನು ತಡವಾಗಿ ಹಿಡಿದು ಹೋಲಿಸಿದರೆ, ಚೆಲುವರು ಬೇಗ ಗೂಡು ಕಟ್ಟುತ್ತಾರೆ ಎಂಬ ಸುಳ್ಳು ತೀರ್ಮಾನ ತಾನಾಗಿಯೇ ಹುಟ್ಟಿಕೊಳ್ಳುತ್ತದೆ.

ಚಿತ್ರ ತೆಗೆಯುವುದು, ಮತ್ತು ಟಾರ್ಚಿನ ಗೊಂದಲ

ನೇರಳಾತೀತ ಟಾರ್ಚು ಹಿಡಿದಾಗ ಗಿಳಿಯ ಗರಿ ಹಳದಿಯಾಗಿ ಬೆಳಗಿದರೆ, ಅದು ನೇರಳಾತೀತ ಪ್ರತಿಫಲನ ಅಲ್ಲ. ಅದು ಪ್ರತಿದೀಪ್ತಿ: ಗರಿ ನೇರಳಾತೀತವನ್ನು ನುಂಗಿ ಉದ್ದ ತರಂಗದ ಬೆಳಕಾಗಿ ಹೊರಬಿಡುತ್ತಿದೆ. ಅಂದರೆ ನೇರಳಾತೀತದಲ್ಲಿ ಆ ಜಾಗ ಕಪ್ಪು. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಬಡ್ಜರಿಗಾರ್‌ಗಳಲ್ಲಿ (ಪುಟ್ಟ ಸಾಕುಗಿಳಿಗಳಲ್ಲಿ) ಈ ಹೊಳಪು ಸಂಗಾತಿಯನ್ನು ಸೆಳೆಯುತ್ತದೆ ಎಂದು 2002ರ ಒಂದು ಅಧ್ಯಯನ ಹೇಳಿತು. 2001ರಲ್ಲಿ ಬೇರೊಂದು ತಂಡ ಮಾಡಿದ್ದ ಪ್ರಯೋಗದಲ್ಲಿ ನೇರಳಾತೀತ ಪ್ರತಿಫಲನಕ್ಕೆ ಪಾತ್ರ ಕಂಡಿತ್ತು, ಪ್ರತಿದೀಪ್ತಿಗೆ ಪುರಾವೆ ಸಿಕ್ಕಿರಲಿಲ್ಲ. ನನ್ನ ಒಲವು ಎರಡನೆಯದರ ಕಡೆಗೆ. ಹಗಲು ಬೆಳಕಿನಲ್ಲಿ ಹಳದಿ ಗರಿ ಪ್ರತಿಫಲಿಸುವ ಬೆಳಕಿನ ಮುಂದೆ ಆ ಪ್ರತಿದೀಪ್ತಿ ಬಲು ಸಣ್ಣದು.

ಕ್ಯಾಮೆರಾಕ್ಕೆ ಸೆನ್ಸರಿನ ಮುಂದಿನ ಸೋಸುಗನ್ನಡಿ ತೆಗೆಸಿ ಕ್ವಾರ್ಟ್ಸ್ ಗಾಜು ಹಾಕಿಸಬೇಕು. ಮಸೂರ ಎಷ್ಟು ಹೊಸದೋ ಅಷ್ಟು ಕೆಟ್ಟದ್ದು, ಏಕೆಂದರೆ ಲೇಪನಗಳೂ ಅಂಟಿಸಿದ ಗಾಜುಗಳೂ ನೇರಳಾತೀತವನ್ನು ತಡೆಯುತ್ತವೆ. ಹಿಂದೆ ಡಾರ್ಕ್‌ರೂಮಿನಲ್ಲಿ ಚಿತ್ರ ಹಿಗ್ಗಿಸಲು ಬಳಸುತ್ತಿದ್ದ, ಲೋಹದ ಮೈಯ ಹಳೆಯ ಇಎಲ್-ನಿಕ್ಕರ್ 80 ಮಿಲಿಮೀಟರ್ ಮಸೂರ ಇದಕ್ಕೆ ಚೆನ್ನಾಗಿ ಒದಗುತ್ತದೆ. ಮುಂದೆ 320–380 ಮಾತ್ರ ಬಿಡುವ ಫಿಲ್ಟರು. ಸೋರಿಕೆ ನೋಡಲು ಅದರ ಮೇಲೆ 400ರ ಕೆಳಗನ್ನೆಲ್ಲ ತಡೆಯುವ ಇನ್ನೊಂದು ಫಿಲ್ಟರು ಇಟ್ಟು ಅಷ್ಟೇ ಹೊತ್ತು ಚಿತ್ರ ತೆಗೆಯಿರಿ. ಪೂರ್ತಿ ಕಪ್ಪು ಬರಬೇಕು. ಏನಾದರೂ ಕಂಡರೆ ಅವಕೆಂಪು ನುಸುಳುತ್ತಿದೆ, ಆವರೆಗಿನ ಚಿತ್ರಗಳೆಲ್ಲ ವ್ಯರ್ಥ. ಡ್ಯಾಂಡೆಲಿಯನ್ ಹೂವೂ ಒಳ್ಳೆಯ ಪರೀಕ್ಷೆ: ನಮಗೆ ಒಂದೇ ಹಳದಿಯಾದ ಹೂವು ನೇರಳಾತೀತದಲ್ಲಿ ಅಂಚು ಬೆಳ್ಳಗೆ, ನಡು ಕಪ್ಪಗೆ ಬರಬೇಕು. ಗೋಚರ ಬೆಳಕಿನಲ್ಲಿ ಹಿಡಿದ ಫೋಕಸ್ ನೇರಳಾತೀತಕ್ಕೆ ಜರಗುತ್ತದೆ, ಮತ್ತೆ ಹೊಂದಿಸಿ ಎಫ್ 8ಕ್ಕೆ ಇಳಿಸಿ. ಚಿತ್ರ ರಾ ಕಡತದಲ್ಲೇ ಇರಲಿ, ಪಕ್ಕದಲ್ಲಿ ಪ್ರತಿಫಲನ ಗೊತ್ತಿರುವ ಬೂದು ಮಾನಕವಿರಲಿ. ಜೋಲಿಯನ್ ಟ್ರಾಸಿಯಾಂಕೊ ಮತ್ತು ಮಾರ್ಟಿನ್ ಸ್ಟೀವನ್ಸ್ 2015ರಲ್ಲಿ ಬಿಡುಗಡೆ ಮಾಡಿದ ತಂತ್ರಾಂಶ ಮೈಕಾ ಟೂಲ್‌ಬಾಕ್ಸ್ ಇಲ್ಲಿಂದ ಮುಂದಿನ ಲೆಕ್ಕ ಮಾಡಿಕೊಡುತ್ತದೆ. ನೇರಳಾತೀತ ದೀಪದ ಕೆಲಸಕ್ಕೆ ಕನ್ನಡಕ ಕಡ್ಡಾಯ.

ಅಂಕಿಗಳನ್ನು ಹಕ್ಕಿಯ ಕಣ್ಣಿಗೆ ಇಳಿಸುವುದು

ಗೆರೆಗಳನ್ನು 300–700ಕ್ಕೆ ಕತ್ತರಿಸಿ, 1 ನ್ಯಾನೊಮೀಟರ್ ಹೆಜ್ಜೆಗೆ ತಂದು, ಹಗುರವಾಗಿ ನಯಗೊಳಿಸುತ್ತೇನೆ. ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಕಂಪ್ಯೂಟರ್ ಭಾಷೆಯ ಪಾವೋ ಪ್ಯಾಕೇಜ್ ಇದೆಲ್ಲಕ್ಕೂ ಸಾಕು. ಅತಿಯಾಗಿ ನಯಗೊಳಿಸಿದರೆ ಶಿಖರವೇ ಸರಿದುಹೋಗುತ್ತದೆ, ಆದ್ದರಿಂದ ಮೂಲ ಗೆರೆಯ ಮೇಲೆ ಹೊಸದನ್ನು ಹಾಸಿ ಕಣ್ಣಾರೆ ನೋಡುತ್ತೇನೆ. ತೆಗೆಯುವ ಅಂಕಿ ಮೂರು: ಸರಾಸರಿ ಪ್ರತಿಫಲನ (ಅಂದರೆ ಹೊಳಪು), ಶಿಖರದ ತರಂಗಾಂತರ, ಮತ್ತು ನೇರಳಾತೀತದ ಪಾಲು. ಕೊನೆಯದು 320–400ರ ಮೊತ್ತವನ್ನು 320–700ರ ಮೊತ್ತದಿಂದ ಭಾಗಿಸಿದ್ದು. 300ರಿಂದಲೇ ಏಕೆ ಕೂಡಿಸುವುದಿಲ್ಲ ಎಂದರೆ ಆ ತುದಿಯಲ್ಲಿ ಸದ್ದೇ, ಅಂದರೆ ಅಳತೆಯ ಅರ್ಥವಿಲ್ಲದ ಏರಿಳಿತವೇ, ಹೆಚ್ಚು. ಮೂರು ಓದುಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎನ್ನುವ ಪುನರಾವರ್ತನೆ ಸೂಚ್ಯಂಕ ಪಾಲು ಮತ್ತು ಶಿಖರಕ್ಕೆ ಚೆನ್ನಾಗಿ ಬರುತ್ತದೆ, ಹೊಳಪಿಗೆ ಯಾವಾಗಲೂ ಕಡಿಮೆ, ಏಕೆಂದರೆ ಪ್ರೋಬನ್ನು ಒತ್ತಿದ ಬಲ ಒಂದಿಷ್ಟು ಬದಲಾದರೂ ಹೊಳಪು ಬದಲಾಗುತ್ತದೆ.

ಈ ಮೂರೂ ಯಂತ್ರದ ಅಂಕಿಗಳು. ಹಕ್ಕಿಗೆ ಆ ವ್ಯತ್ಯಾಸ ಕಾಣುತ್ತದೆಯೇ ಎಂದು ಕೇಳಬೇಕಾದರೆ ಪ್ರತಿ ತರಂಗಾಂತರದಲ್ಲೂ ಗರಿಯ ಪ್ರತಿಫಲನ, ಅಲ್ಲಿನ ಬೆಳಕು, ಶಂಕುವಿನ ಗ್ರಹಣಶಕ್ತಿ ಮೂರನ್ನೂ ಗುಣಿಸಿ ಕೂಡಿಸಬೇಕು. ಅದು ಒಂದು ಶಂಕು ಹಿಡಿಯುವ ಬೆಳಕು. ನಾಲ್ಕಕ್ಕೂ ಹೀಗೆ ಮಾಡಿ, ವೊರೊಬ್ಯೇವ್ ಮತ್ತು ಓಸೋರಿಯೊ 1998ರಲ್ಲಿ ಕೊಟ್ಟ ಗ್ರಾಹಕ-ಸದ್ದಿನ ಸೂತ್ರಕ್ಕೆ ಹಾಕಿದರೆ ಎರಡು ಬಣ್ಣಗಳ ಅಂತರ ಸಿಗುತ್ತದೆ. ಒಂದಕ್ಕಿಂತ ಕಡಿಮೆಯಿದ್ದರೆ ಒಳ್ಳೆಯ ಬೆಳಕಿನಲ್ಲೂ ಹಕ್ಕಿಗೆ ವ್ಯತ್ಯಾಸ ತಿಳಿಯದು. ಉದ್ದ ತರಂಗದ ಶಂಕುವಿಗೆ 0.1 ವೆಬರ್ ಅಂಶವೆಂದು (ಗುರುತಿಸಬಲ್ಲ ಅತಿ ಚಿಕ್ಕ ವ್ಯತ್ಯಾಸದ ಪ್ರಮಾಣ), ಶಂಕುಗಳ ಅನುಪಾತ 1:2:2:4 ಎಂದು ಇಟ್ಟುಕೊಳ್ಳುವುದು ರೂಢಿ. ನಾನು ವೆಬರ್ ಅಂಶವನ್ನು 0.05 ಮತ್ತು 0.2ಕ್ಕೂ ಬದಲಿಸಿ ಓಡಿಸುತ್ತೇನೆ. ತೀರ್ಮಾನ ತಲೆಕೆಳಗಾದರೆ ಅದನ್ನು ತೀರ್ಮಾನ ಎನ್ನುವುದಿಲ್ಲ. ಬೆಳಕನ್ನೂ ಆಯಾ ಜಾಗದಲ್ಲೇ ಅಳೆದು ಹಾಕುತ್ತೇನೆ. ಎಲೆಗಳ ದಟ್ಟ ನೆರಳಿನ ಬೆಳಕು ಹಸಿರಿನತ್ತ ವಾಲಿರುತ್ತದೆ, ತೆರೆದ ಆಕಾಶದ ನೆರಳಿನಲ್ಲಿ ನೇರಳಾತೀತ ಧಾರಾಳ.

ಹೆಣ್ಣಿನ ಆಯ್ಕೆಯನ್ನು ಪರೀಕ್ಷಿಸುವುದು

ಬಣ್ಣ ಇದೆ, ಕಣ್ಣಿಗೆ ಕಾಣುತ್ತದೆ ಎಂಬಷ್ಟಕ್ಕೆ ಹೆಣ್ಣು ಅದನ್ನೇ ನೋಡಿ ಆರಿಸುತ್ತದೆ ಎಂದಾಗುವುದಿಲ್ಲ. ಅದಕ್ಕೆ ಬಣ್ಣವನ್ನು ಬದಲಿಸಿ ನೋಡಲೇಬೇಕು. ಝೀಬ್ರಾ ಫಿಂಚ್‌ಗಳಲ್ಲಿ 1996ರಲ್ಲಿ, ಯೂರೋಪಿನ ಸ್ಟಾರ್ಲಿಂಗ್‌ಗಳಲ್ಲಿ 1997ರಲ್ಲಿ ಆಂಡ್ರ್ಯೂ ಬೆನೆಟ್, ಇನೆಸ್ ಕತ್ಹಿಲ್ ಮತ್ತು ಸಂಗಡಿಗರು ಹಾಕಿಕೊಟ್ಟ ದಾರಿ ಇದು: ಗಂಡುಗಳ ಮುಂದೆ ನೇರಳಾತೀತ ಬಿಡುವ ಅಥವಾ ತಡೆಯುವ ಹಾಳೆ ಇಟ್ಟು ಹೆಣ್ಣು ಯಾರ ಮುಂದೆ ಹೆಚ್ಚು ಹೊತ್ತು ಇರುತ್ತದೆ ಎಂದು ಎಣಿಸುವುದು. ಫಿಂಚ್ ಹೆಣ್ಣುಗಳು ನೇರಳಾತೀತ ಬಿಡುವ ಹಾಳೆಯ ಹಿಂದಿನ ಗಂಡುಗಳತ್ತ ಒಲಿದವು. ಸ್ಟಾರ್ಲಿಂಗ್ ಹೆಣ್ಣುಗಳು ಗಂಡುಗಳಿಗೆ ಕೊಟ್ಟ ಕ್ರಮವೇ ನೇರಳಾತೀತ ತೆಗೆದಾಗ ಬದಲಾಯಿತು.

ನಾನು ನಡುವೆ ಹೆಣ್ಣಿನ ಜಾಗ, ನಾಲ್ಕು ತೋಳುಗಳ ತುದಿಯಲ್ಲಿ ಒಂದೊಂದು ಗಂಡು ಇರುವ ಗೂಡು ಬಳಸುತ್ತೇನೆ. ಒಂದು ತೋಳಿನಲ್ಲಿ ನಿಂತ ಹೆಣ್ಣಿಗೆ ಒಂದೇ ಗಂಡು ಕಾಣಬೇಕು, ಗಂಡುಗಳು ಒಂದಕ್ಕೊಂದು ಕಾಣಬಾರದು. ಕೂರುಕಡ್ಡಿಗಳ ಕೆಳಗೆ ಸ್ವಿಚ್ಚು ಇಟ್ಟು ಸಮಯ ತಾನಾಗಿ ದಾಖಲಾಗುವಂತೆ ಮಾಡುವುದು ಮೇಲು, ನೋಡುವವರ ಆಸೆ ಅಂಕಿಯೊಳಗೆ ನುಸುಳುವುದಿಲ್ಲ. ಹೆಣ್ಣು ಒಂದು ಗಂಟೆ ಖಾಲಿ ಗೂಡಿಗೆ ಒಗ್ಗಿದ ಮೇಲೆ ಎರಡು ಗಂಟೆ ದಾಖಲೆ, ನಡುವೆ ಒಮ್ಮೆಯಾದರೂ ನಾಲ್ಕೂ ಗಂಡುಗಳನ್ನು ನೋಡಿರಬೇಕು. ಹಾಳೆಗಳು ತೋಳಿನಿಂದ ತೋಳಿಗೆ ಸರದಿಯಲ್ಲಿ ಸುತ್ತಬೇಕು, ಇಲ್ಲವಾದರೆ ಹೆಣ್ಣಿಗೆ ಹಿಡಿಸಿದ್ದು ಗಂಡೋ ಮೂಲೆಯೋ ತಿಳಿಯದು.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ದೀಪ. ಸಾಮಾನ್ಯ ಟ್ಯೂಬ್‌ಲೈಟಿನಲ್ಲಿ ನೇರಳಾತೀತ ಇರುವುದೇ ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನಮಗದು ಒಂದೇ ಸಮ, ಹಲವು ಹಕ್ಕಿಗಳಿಗೆ ಅಲ್ಲ. ಸ್ಟಾರ್ಲಿಂಗ್‌ಗಳ ವರ್ತನೆ ಈ ಮಿಣುಕಿಗೆ ಬದಲಾಗುತ್ತದೆ. ನೇರಳಾತೀತ ಸೂಸುವ ಟ್ಯೂಬುಗಳನ್ನು 30 ಕಿಲೋಹರ್ಟ್ಸ್‌ಗಿಂತ ಹೆಚ್ಚಿನ ಎಲೆಕ್ಟ್ರಾನಿಕ್ ಚೋಕ್‌ನಲ್ಲಿ ಓಡಿಸಿ, ಗೂಡಿನ ನಡುವೆ ಹೆಣ್ಣಿನ ಕಣ್ಣಿನ ಎತ್ತರದಲ್ಲಿ ಬೆಳಕನ್ನು ಅಳೆದು ನೋಡಿ. ಗೂಡಿನ ಕಿಟಕಿಗೆ ಮಾಮೂಲಿ ಪಾಲಿಕಾರ್ಬನೇಟ್ ಹಾಕಿದ್ದರೆ ಅದೇ ಎಲ್ಲವನ್ನೂ ತಡೆದು ಪ್ರಯೋಗವನ್ನು ಮುಗಿಸಿಬಿಡುತ್ತದೆ, ನೇರಳಾತೀತ ಬಿಡುವ ಅಕ್ರಿಲಿಕ್ಕೇ ಬೇಕು. ಎರಡನೆಯದು, ನಿಯಂತ್ರಣ. ನೇರಳಾತೀತ ತೆಗೆದರೆ ಬಣ್ಣ ಮಾತ್ರ ಬದಲಾಗುವುದಿಲ್ಲ, ಒಟ್ಟು ಬೆಳಕೂ ಇಳಿಯುತ್ತದೆ. ಹೆಣ್ಣು ದೂರ ಸರಿದದ್ದು ಕತ್ತಲಾದ ಗಂಡಿನಿಂದಲೂ ಆಗಿರಬಹುದು. ಹಾಗಾಗಿ ಎಲ್ಲ ತರಂಗಗಳನ್ನೂ ಸಮನಾಗಿ ತಗ್ಗಿಸುವ ಬೂದು ಹಾಳೆಯೂ ಒಂದು ತೋಳಿನಲ್ಲಿ ಇರಲೇಬೇಕು. ಸಾಧ್ಯವಾದರೆ ನೀಲಿ, ಹಸಿರು, ಕೆಂಪು ಪಟ್ಟಿಗಳನ್ನೂ ಒಂದೊಂದಾಗಿ ತೆಗೆದು ನೋಡಬೇಕು. 2001ರಲ್ಲಿ ಝೀಬ್ರಾ ಫಿಂಚ್‌ಗಳಿಗೆ ಹೀಗೆ ಮಾಡಿದಾಗ ಉದ್ದ ತರಂಗವನ್ನು ತೆಗೆದದ್ದೇ ಆಯ್ಕೆಯನ್ನು ಹೆಚ್ಚು ಕೆಡಿಸಿತು, ನೇರಳಾತೀತ ತೆಗೆದದ್ದಲ್ಲ. ಕೆಂಪು ಕೊಕ್ಕಿನ ಹಕ್ಕಿಯಲ್ಲಿ ಇದು ಸಹಜವೇ.

ಹೊರಗಿನ ಹಕ್ಕಿಗಳಿಗೆ ಹಾಳೆ ಹಿಡಿಯಲಾಗದು. ಅಲ್ಲಿ ಗರಿಗೇ ಲೇಪ ಹಚ್ಚುತ್ತೇನೆ. ಬಿಸಿಲು ತಡೆಯುವ ಕ್ರೀಮುಗಳಲ್ಲಿ ಇರುವ ಅವೊಬೆಂಜೋನ್ ಮತ್ತು ಆಕ್ಟೈಲ್ ಮೆಥಾಕ್ಸಿಸಿನ್ನಮೇಟ್ ಎರಡನ್ನು ಸಮನಾಗಿ ಬೆರೆಸಿ, ತೂಕದಲ್ಲಿ ಅದರ 4 ಪಾಲಿಗೆ ಬಾತಿನ ಬಾಲದ ಬುಡದ ಗ್ರಂಥಿಯ ಎಣ್ಣೆ 6 ಪಾಲು ಸೇರಿಸುತ್ತೇನೆ. ನಿಯಂತ್ರಣದ ಹಕ್ಕಿಗಳಿಗೆ ಎಣ್ಣೆ ಮಾತ್ರ. ಹಚ್ಚುವ ಪ್ರಮಾಣ ಬೆರಳ ತುದಿಗೆ ತೆಳುವಾಗಿ ಅಂಟುವಷ್ಟು. ಹೆಚ್ಚಾದರೆ ಎಳೆಗಳು ಕೂಡಿಕೊಂಡು ನೆತ್ತಿ ಒದ್ದೆಯಾದಂತೆ ಕಾಣುತ್ತದೆ, ಆಗ ಇಡೀ ಬಣ್ಣವೇ ಹಾಳು. ಹಚ್ಚಿದ ಮೇಲಿನ ಗೆರೆ 400ರ ಕೆಳಗೆ ಇಳಿದು, 420ರ ಮೇಲೆ ನಿಯಂತ್ರಣದ ಗೆರೆಯೊಂದಿಗೆ ಕೂಡಿಕೊಳ್ಳಬೇಕು. ಇಳಿದದ್ದೂ ಆ ಜಾತಿಯಲ್ಲಿ ಸಹಜವಾಗಿ ಸಿಗುವ ಕನಿಷ್ಠಕ್ಕಿಂತ ಕೆಳಗೆ ಹೋಗಬಾರದು. ಎಲ್ಲೂ ಇಲ್ಲದಂಥ ಗಂಡನ್ನು ತೋರಿಸಿ ಹೆಣ್ಣು ಒಪ್ಪಲಿಲ್ಲ ಎಂದರೆ ಅದರಿಂದ ತಿಳಿಯುವುದೇನೂ ಇಲ್ಲ. ಈ ಎರಡು ರಾಸಾಯನಿಕಗಳು ಬಿಸಿಲಿನಲ್ಲಿ ಒಂದನ್ನೊಂದು ಕೆಡಿಸುತ್ತವೆ, ಹಕ್ಕಿಯೂ ಗರಿ ತೀಡಿಕೊಂಡು ಲೇಪವನ್ನು ತೆಗೆಯುತ್ತದೆ. ಕೆಲವು ಹಕ್ಕಿಗಳನ್ನಾದರೂ ಎರಡು ದಿನದ ಮೇಲೆ ಮತ್ತೆ ಹಿಡಿದು ಅಳೆಯದೆ ಲೇಪ ಎಷ್ಟು ದಿನ ನಿಂತಿತು ಎಂದು ಬರೆಯಬಾರದು. ಸ್ಟಾಫನ್ ಆಂಡರ್ಸನ್ ಮತ್ತು ಟ್ರೋಂಡ್ ಅಮುಂಡ್ಸೆನ್ 1997ರಲ್ಲಿ ಬ್ಲೂಥ್ರೋಟ್‌ಗಳ ಕತ್ತಿನ ನೇರಳಾತೀತವನ್ನು ಹೀಗೆ ತಗ್ಗಿಸಿದಾಗ ಹೆಣ್ಣುಗಳು ನಿಯಂತ್ರಣದ ಗಂಡುಗಳತ್ತ ವಾಲಿದವು.

ಬ್ಲೂ ಟಿಟ್‌ಗಳಲ್ಲಿ 1999ರ ಫಲಿತಾಂಶ ಇನ್ನೂ ದೊಡ್ಡದಾಗಿತ್ತು: ಗಂಡಿನ ನೆತ್ತಿಯ ನೇರಳಾತೀತಕ್ಕೂ ಮರಿಗಳಲ್ಲಿ ಗಂಡು-ಹೆಣ್ಣಿನ ಅನುಪಾತಕ್ಕೂ ನಂಟಿದೆ, ಲೇಪ ಹಚ್ಚಿದರೆ ಆ ನಂಟು ಬದಲಾಗುತ್ತದೆ ಎಂದು. ಆಮೇಲಿನ ಅಧ್ಯಯನಗಳು ಒಂದೊಂದು ಒಂದೊಂದು ಕಡೆಗೆ ಎಳೆದವು. 2013ರಲ್ಲಿ ಟಿಮೊಥಿ ಪಾರ್ಕರ್ ಬ್ಲೂ ಟಿಟ್ ಬಣ್ಣದ ಎಲ್ಲ ಪುರಾವೆಗಳನ್ನು ಕೂಡಿಸಿ ನೋಡಿದಾಗ, ಗಟ್ಟಿಯೆಂದು ನಂಬಿದ್ದ ಹಲವು ಸಂಬಂಧಗಳು ತೆಳುವಾಗಿ ಕಂಡವು. ಒಂದೇ ದತ್ತಾಂಶದಲ್ಲಿ ಹೊಳಪು, ಶಿಖರ, ಪಾಲು ಮೂರನ್ನೂ ನೆತ್ತಿ, ಎದೆ, ಕೆನ್ನೆ ಎಲ್ಲಕ್ಕೂ ಹಾಕಿ, ಯಾವುದು ಹೊಂದಿತೋ ಅದನ್ನು ಮಾತ್ರ ಬರೆದರೆ ಹೀಗಾಗುವುದು ಸಹಜ. ಅದಕ್ಕೇ ಹಕ್ಕಿ ಹಿಡಿಯುವ ಮೊದಲೇ ಯಾವ ಮೈಭಾಗ, ಯಾವ ಒಂದು ಅಂಕಿ, ಯಾವ ದಿಕ್ಕಿನ ಪರಿಣಾಮ ಎಂದು ಟಿಪ್ಪಣಿಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡುತ್ತೇನೆ. ಅದೇ ಪುಟದಲ್ಲಿ ಮಾನಕದ ಸಂಖ್ಯೆ, ದೀಪ ಹೊತ್ತಿಸಿದ ಸಮಯ, ಪ್ರೋಬಿನ ಕೋನ ಮತ್ತು ದೂರ, ಓದು ತೆಗೆದ ಕೈ ಯಾರದು ಎಂಬುದೂ ಇರುತ್ತದೆ.